ಚಾರ್ಮಾಡಿಯಲ್ಲಿ ಗುದ್ದಿದ 2016ರ ಸ್ಕಾರ್ಪಿಯೋ: ತಗೊಳ್ಳಲಾ, ಬಿಡಲಾ?

ಮಂಜು_ಮಳೆ | ಜೂನ್ 4

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಈಗಿರುವ ಜೀಪು ಈ ಮಳೆಗಾಲ ದಾಟುವ ಹಾಗೆ ಕಾಣುತ್ತಿಲ್ಲ. ಫೋರ್ ವೀಲ್ ಇರುವ ಗಾಡಿಯೇ ಬೇಕು. ಕೈಯಲ್ಲಿ ಇರುವುದು ನಾಲ್ಕೂವರೆ ಲಕ್ಷ.

ಉಜಿರೆಯಲ್ಲಿ ಒಬ್ಬ ಬ್ರೋಕರ್ ಒಂದು ಸ್ಕಾರ್ಪಿಯೋ ತೋರಿಸಿದ. 2016, ಎಸ್10, ಫೋರ್ ವೀಲ್ ಡ್ರೈವ್, ಕೆಎ 19 ನಂಬರ್, 94 ಸಾವಿರ ಕಿಲೋಮೀಟರ್. ಚಾರ್ಮಾಡಿ ತಿರುವಿನಲ್ಲಿ ಎಡಗಡೆ ಮೂತಿ ತಡೆಗೋಡೆಗೆ ಕೊಟ್ಟಿದೆ. ಬಾನೆಟ್, ಎಡ ಫೆಂಡರ್, ಹೆಡ್‌ಲೈಟ್, ರೇಡಿಯೇಟರ್ ಎಲ್ಲ ಹೋಗಿದೆ. ಎಡ ಮುಂಚಕ್ರ ಒಳಗೆ ತಿರುಗಿ ನಿಂತಿದೆ. ಎರಡೂ ಏರ್‌ಬ್ಯಾಗ್ ಬಿಚ್ಚಿವೆ. ವಿಮೆಯವರು ಟೋಟಲ್ ಲಾಸ್ ಅಂತ ತೀರ್ಮಾನಿಸಿದ್ದಾರಂತೆ.

ಕೇಳುತ್ತಿರುವುದು 2.9 ಲಕ್ಷ. ಗುದ್ದದ ಇಂಥದೇ ಗಾಡಿ ಈ ಕಡೆ ಆರೂವರೆ ಹತ್ತಿರ ಇದೆ. ನಮ್ಮೂರ ಮೆಕ್ಯಾನಿಕ್ "ಒಂದೂವರೆಯಲ್ಲಿ ಮುಗಿಸಿ ಕೊಡ್ತೀನಿ ಅಣ್ಣ" ಅನ್ನುತ್ತಾನೆ. ಲೆಕ್ಕ ಸರಿಯಾಗಿ ಕೂರುತ್ತಿದೆ. ಅದಕ್ಕೇ ಅನುಮಾನ.

ಕಡಲಕರೆ | ಜೂನ್ 4

ಬೇಡ ಮಾರಾಯ್ರೆ.

ಸ್ಪ್ಯಾನರ್_17 | ಜೂನ್ 4

ಹಾಸನದಲ್ಲಿ 19 ವರ್ಷದಿಂದ ಗ್ಯಾರೇಜ್ ನಡೆಸುತ್ತಿದ್ದೇನೆ. ಒಂದೂವರೆ ಲಕ್ಷದ ಮಾತು ಮೊದಲು ಮರೆತುಬಿಡಿ. ನಿಮ್ಮ ಮೆಕ್ಯಾನಿಕ್ ಸುಳ್ಳು ಹೇಳುತ್ತಿಲ್ಲ, ಕಣ್ಣಿಗೆ ಕಂಡಷ್ಟಕ್ಕೆ ಲೆಕ್ಕ ಹಾಕಿದ್ದಾನೆ, ಅಷ್ಟೇ. ಮೂತಿ ಬಿಚ್ಚಿದ ಮೇಲೆ ಒಳಗಿನಿಂದ ಇನ್ನೂ ಮೂರು ಸಾಮಾನು ಆಚೆ ಬರುತ್ತವೆ, ಯಾವಾಗಲೂ.

ನನಗೆ ಎರಡು ವಿಷಯ ಗೊತ್ತಾಗಬೇಕು. ಗುದ್ದಿದ ಮೇಲೆ ಎಂಜಿನ್ ಎಷ್ಟು ಹೊತ್ತು ಓಡಿತು? ರೇಡಿಯೇಟರ್ ಒಡೆದು ನೀರೆಲ್ಲ ಸುರಿದ ಮೇಲೂ ಯಾರಾದರೂ "ಸ್ವಲ್ಪ ಪಕ್ಕಕ್ಕೆ ಹಾಕೋಣ" ಅಂತ ಸ್ಟಾರ್ಟ್ ಮಾಡಿ ಘಾಟಿ ಇಳಿಸಿದ್ದರೆ ಎಂಜಿನ್ ತಲೆಭಾಗದ ಸೀಲು, ಅಂದರೆ ಹೆಡ್ ಗ್ಯಾಸ್ಕೆಟ್ ಸುಟ್ಟಿರಬಹುದು, ಹೆಡ್ಡೇ ಡೊಂಕಾಗಿರಬಹುದು. ಆಯಿಲ್ ಮುಚ್ಚಳ ತೆಗೆದು ನೋಡಿ. ಒಳಗೆ ಮಜ್ಜಿಗೆ ಬಣ್ಣದ ನೊರೆ ಇದ್ದರೆ ಅಲ್ಲಿಂದಲೇ ವಾಪಸ್ ಬನ್ನಿ.

ಎರಡನೆಯದು ಚಾಸಿಸ್. ಸ್ಕಾರ್ಪಿಯೋಗೆ ಏಣಿ ಥರದ ಬೇರೆ ಚಾಸಿಸ್ ಇರುವುದು ನಿಮ್ಮ ಅದೃಷ್ಟ. ಎಕ್ಸ್‌ಯುವಿ 500, ಡಸ್ಟರ್ ಥರದ ಮೋನೋಕಾಕ್ ಆಗಿದ್ದರೆ ಬಾಡಿಯೇ ಚಾಸಿಸ್. ಅದರ ಏಪ್ರನ್, ಅಂದರೆ ಬಾನೆಟ್ ಕೆಳಗಿನ ಪಕ್ಕದ ತಗಡು ಮಡಚಿಕೊಂಡರೆ ಕತ್ತರಿಸಿ ಬೆಸುಗೆ ಹಾಕಬೇಕು. ಇಲ್ಲಿ ಬಾಡಿಯ ತಗಡು ಹೋದರೆ ತಗಡು ಅಷ್ಟೇ. ಆದರೆ ಚಾಸಿಸ್ ಎಲ್ಲಿ ಬಗ್ಗಿದೆ ಅನ್ನುವುದು ಮುಖ್ಯ. ಬಂಪರ್ ಕೂರುವ ತುದಿ, ಅಂದರೆ ಮೊದಲ ಅಡ್ಡಪಟ್ಟಿಗಿಂತ (ಕ್ರಾಸ್ ಮೆಂಬರ್) ಮುಂದಿನ ಭಾಗ ಬಗ್ಗಿದ್ದರೆ ಎಳೆದು ಸರಿ ಮಾಡಬಹುದು. ಚಕ್ರ ಹಿಡಿಯುವ ಲೋವರ್ ಆರ್ಮ್ ಕೂರುವ ಬ್ರಾಕೆಟ್ ಜಾಗದಲ್ಲಿ ಸುಕ್ಕು ಬಿದ್ದಿದ್ದರೆ ಆ ಗಾಡಿ ಜನ್ಮದಲ್ಲಿ ನೇರ ಹೋಗುವುದಿಲ್ಲ.

ಹಳೇ_ಸರ್ವೇಯರ್ | ಜೂನ್ 5

ವಿಮಾ ಸರ್ವೇಯರ್ ಆಗಿ ನಿವೃತ್ತನಾದವನು ನಾನು. "ಟೋಟಲ್ ಲಾಸ್" ಅಂದ ಕೂಡಲೇ ಜನ ಗಾಡಿ ಸತ್ತೇ ಹೋಯಿತು ಅಂದುಕೊಳ್ಳುತ್ತಾರೆ. ಅದು ಬರೀ ಲೆಕ್ಕದ ಮಾತು. ರಿಪೇರಿ ಖರ್ಚು ಐಡಿವಿಯ, ಅಂದರೆ ಪಾಲಿಸಿಯಲ್ಲಿ ಗಾಡಿಗೆ ಕಟ್ಟಿದ ಬೆಲೆಯ ಶೇ 75 ದಾಟಿದರೆ ಟೋಟಲ್ ಲಾಸ್. ಈ ಗಾಡಿಯ ಐಡಿವಿ 6 ಲಕ್ಷ ಇತ್ತು ಅಂದುಕೊಳ್ಳಿ. ಕಂಪನಿ ವರ್ಕ್‌ಶಾಪ್ ಎಸ್ಟಿಮೇಟ್ 4.5 ಲಕ್ಷ ದಾಟಿದರೆ ಮುಗಿಯಿತು. ಆ ಎಸ್ಟಿಮೇಟ್‌ನಲ್ಲಿ ಎಲ್ಲವೂ ಹೊಸ ಸಾಮಾನು. ಹಳೇ ಗಾಡಿಯ ಐಡಿವಿ ಕಮ್ಮಿ, ಹೊಸ ಸಾಮಾನಿನ ರೇಟು ಮಾತ್ರ ಕಮ್ಮಿ ಆಗುವುದಿಲ್ಲ. ಅದಕ್ಕೇ ಎಂಟು ಒಂಬತ್ತು ವರ್ಷದ ಗಾಡಿಗಳು ಇಷ್ಟು ಸುಲಭಕ್ಕೆ ಟೋಟಲ್ ಲಾಸ್ ಆಗುವುದು.

ಹಾಗಂತ ಖುಷಿ ಪಡಬೇಡಿ. ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ. ಕ್ಲೈಮ್ ಹೇಗೆ ಇತ್ಯರ್ಥವಾಯಿತು? ಸಾಲ್ವೇಜ್ ಬೆಲೆ, ಅಂದರೆ ಗುದ್ದಿದ ಗಾಡಿಗೆ ಬರುವ ಬೆಲೆ ಮುರಿದುಕೊಂಡು ಉಳಿದ ದುಡ್ಡು ಕೊಟ್ಟು ಗಾಡಿಯನ್ನು ಮಾಲೀಕನಿಗೇ ಬಿಟ್ಟರಾ, ಅಥವಾ ಹರಾಜಿನಲ್ಲಿ ಬೇರೆಯವರಿಗೆ ಹೋಯಿತಾ? ಆರ್‌ಸಿ ಈಗ ಯಾರ ಕೈಯಲ್ಲಿದೆ? ರದ್ದಾದ ಆರ್‌ಸಿ ಇದ್ದರೆ ಅದು ಗಾಡಿ ಅಲ್ಲ, ಬಿಡಿಭಾಗಗಳ ರಾಶಿ. ಗುಜರಿ ರೇಟು ಕೊಡಿ, ಜಾಸ್ತಿ ಬೇಡ.

ಬೇಸ್‌ಮೆಂಟ್_ಬಲಿಪಶು | ಜೂನ್ 5

ನನ್ನ ಕಥೆಯನ್ನೂ ಹೇಳಿಬಿಡುತ್ತೇನೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ, ಬೆಳ್ಳಂದೂರು ಕಡೆ ನೀರು ತುಂಬಿತ್ತಲ್ಲ, ಆಗ ಬೇಸ್‌ಮೆಂಟಿನಲ್ಲಿ ಮುಳುಗಿದ್ದ ಒಂದು ಎಸ್‌ಯುವಿ ತಗೊಂಡೆ. ಗಾಡಿ ಹೆಸರು ಬೇಡ, ತಪ್ಪು ನೀರಿನದು. ಎಂಜಿನ್ ಸ್ಟಾರ್ಟ್ ಮಾಡಿರಲಿಲ್ಲ, ಹಾಗಾಗಿ ಎಂಜಿನ್ ಒಳಗಿನ ಕನೆಕ್ಟಿಂಗ್ ರಾಡ್ ಬಗ್ಗಿರಲಿಲ್ಲ. ಎಲ್ಲ ಆಯಿಲ್ ಬದಲಿಸಿದೆ, ಸೀಟು ತೊಳೆಸಿದೆ, ಕಾರ್ಪೆಟ್ ಒಣಗಿಸಿದೆ. ಏಳು ತಿಂಗಳು ಚಿನ್ನದ ಹಾಗೆ ಓಡಿತು.

ಆಮೇಲೆ ಶುರುವಾಯಿತು ನೋಡಿ. ಒಂದು ದಿನ ಪವರ್ ವಿಂಡೋ ತಾನಾಗಿ ಇಳಿಯಿತು. ಇನ್ನೊಂದು ದಿನ ಎಬಿಎಸ್ ಲೈಟು. ತುಮಕೂರು ಟೋಲ್ ಹತ್ತಿರ ಗಾಡಿ ಸುಮ್ನೆ ಆಫ್ ಆಯಿತು. ವೈರಿಂಗ್ ಬಿಚ್ಚಿದರೆ ಕನೆಕ್ಟರ್ ಒಳಗೆಲ್ಲ ಹಸಿರು ಪಾಚಿಯ ಹಾಗೆ ತಾಮ್ರದ ಕಿಲುಬು. ಒಂದು ಕಡೆ ಉಜ್ಜಿದರೆ ಇನ್ನೊಂದು ಕಡೆ. ಕೊನೆಗೆ ಎಂಬತ್ತು ಸಾವಿರಕ್ಕೆ ಕೊಟ್ಟು ಕೈ ತೊಳೆದುಕೊಂಡೆ.

ಗುದ್ದಿದ ಗಾಡಿಯ ಗಾಯ ಕಣ್ಣಿಗೆ ಕಾಣುತ್ತದೆ. ಮುಳುಗಿದ ಗಾಡಿ ಹಾಗಲ್ಲ. ಇವರ ಸ್ಕಾರ್ಪಿಯೋ ನೀರಿನದಲ್ಲ ಅಂತ ಗೊತ್ತು, ಆದರೂ ಸೀಟ್ ಬೆಲ್ಟ್ ಪೂರ್ತಿ ಹೊರಗೆ ಎಳೆದು ನೋಡಿ. ಬೆಲ್ಟಿನ ಕೊನೆಯ ಒಂದಡಿಯನ್ನು ಯಾರೂ ತೊಳೆಯುವುದಿಲ್ಲ. ಕೆಸರಿನ ಗೆರೆ ಅಲ್ಲಿ ಸಿಗುತ್ತದೆ.

ದಾವಣಗೆರೆ_ಡೀಸೆಲ್ | ಜೂನ್ 5

ಕೆಎ ನಂಬರ್ ಆಗಿದ್ದು ಒಳ್ಳೆಯದು. ನಮ್ಮ ಕಡೆ ದಿಲ್ಲಿ ಗಾಡಿ ತಂದು ಮಾರುವವರು ಜಾಸ್ತಿ. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗೆ ನಿರ್ಬಂಧ ಹಾಕಿದ್ದರಲ್ಲ, ಅದಕ್ಕೇ ಅಗ್ಗ. 2016ರ ದಿಲ್ಲಿ ಸ್ಕಾರ್ಪಿಯೋ ಸಿಕ್ಕಿದರೆ ಆರ್‌ಸಿಯಲ್ಲಿ ಸಿಸಿ ನೋಡಿ ಸ್ವಾಮಿ. 2015ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅಲ್ಲಿ 2000 ಸಿಸಿ ಮೇಲಿನ ಡೀಸೆಲ್ ಗಾಡಿಯ ನೋಂದಣಿಗೆ ತಡೆ ಹಾಕಿತ್ತು. ಅದಕ್ಕಾಗಿ ಮಹೀಂದ್ರ 1.99 ಲೀಟರ್ ಎಂಜಿನ್ ಹಾಕಿ ಕೊಟ್ಟಿತ್ತು. ನಮ್ಮಲ್ಲಿ ಓಡಾಡುವುದು 2.2. ಗುಜರಿಯಲ್ಲಿ ಎಂಜಿನ್ ಸಾಮಾನು ಹುಡುಕುವಾಗ ಈ ವ್ಯತ್ಯಾಸ ಗೊತ್ತಿಲ್ಲದೆ ಒದ್ದಾಡಿದವರನ್ನು ನೋಡಿದ್ದೇನೆ.

ಶಾರ್ಜಾ_ಶೆಟ್ರು | ಜೂನ್ 5

ಇಲ್ಲಿ ಅಮೆರಿಕದ ಹರಾಜಿನಿಂದ ಗುದ್ದಿದ ಗಾಡಿಗಳು ಹಡಗು ತುಂಬ ಬರುತ್ತವೆ. ಆ ದೇಶದ ಕಾಗದದಲ್ಲಿ "ಸಾಲ್ವೇಜ್" ಅಂತ ಮುದ್ರೆ ಬಿದ್ದರೆ ಆಮೇಲೆ ಎಷ್ಟೇ ಚೆಂದ ರಿಪೇರಿ ಮಾಡಿದರೂ ಆ ಇತಿಹಾಸ ಅಳಿಸುವುದಿಲ್ಲ. ನಮ್ಮ ಆರ್‌ಸಿಯಲ್ಲಿ ಅಂಥ ಕಾಲಂ ಇಲ್ಲ. ಪೇಂಟು ಒಣಗಿದರೆ ಇತಿಹಾಸವೂ ಒಣಗಿತು. ಸೆಕೆಂಡ್ ಹ್ಯಾಂಡ್ ತಗೊಳ್ಳುವವರಿಗೆ ಇದು ದೊಡ್ಡ ತಲೆನೋವು. ಗುದ್ದಿದ್ದನ್ನು ಗುದ್ದಿದೆ ಅಂತ ಹೇಳಿ ಮಾರುವ ಬ್ರೋಕರ್ ಸಿಕ್ಕಿದ್ದಾನಲ್ಲ, ಅದೇ ನಿಮ್ಮ ಪುಣ್ಯ.

ಆರ್‌ಟಿಒ_ಕ್ಯೂ | ಜೂನ್ 6

ಕಾಗದದ ವಿಷಯ ನಾನು ಹೇಳುತ್ತೇನೆ. ಮೊದಲು ಆರ್‌ಟಿಒದಲ್ಲಿ ಬಿ ಎಕ್ಸ್‌ಟ್ರಾಕ್ಟ್, ಅಂದರೆ ಗಾಡಿಯ ನೋಂದಣಿ ದಾಖಲೆಯ ಪ್ರತಿ ತೆಗೆಸಿ. ಆ್ಯಪಿನಲ್ಲಿ ಕಾಣುವುದು ಅರ್ಧ, ಬಿ ಎಕ್ಸ್‌ಟ್ರಾಕ್ಟ್‌ನಲ್ಲಿ ಸಾಲ, ತೆರಿಗೆ, ಹಳೇ ಮಾಲೀಕರು ಎಲ್ಲ ಸಿಗುತ್ತದೆ. ಸಾಲ ಇನ್ನೂ ಇದ್ದರೆ, ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರಂ 35 ಮತ್ತು ಬ್ಯಾಂಕಿನ ಎನ್‌ಒಸಿ ಇಲ್ಲದೆ ಒಂದು ರೂಪಾಯಿ ಅಡ್ವಾನ್ಸ್ ಕೊಡಬೇಡಿ. ಮಾಲೀಕನಿಂದ ಹೆಸರು ವರ್ಗಾವಣೆಯ ಫಾರಂ 29, 30ಕ್ಕೆ ನಿಮ್ಮ ಕಣ್ಣೆದುರೇ ಸಹಿ ಆಗಬೇಕು. ಬ್ರೋಕರ್ ಹತ್ತಿರ ಮೊದಲೇ ಸಹಿ ಮಾಡಿದ ಖಾಲಿ ಫಾರಂ ಇರುತ್ತದೆ, ಅದನ್ನು ನಂಬಬೇಡಿ.

ಚಾಸಿಸ್ ನಂಬರನ್ನು ಕೈಯಾರೆ ಮುಟ್ಟಿ ನೋಡಿ. ಟೋಟಲ್ ಲಾಸ್ ಗಾಡಿಗಳನ್ನು ಕೆಲವರು ಕೊಳ್ಳುವುದು ರಿಪೇರಿಗಲ್ಲ, ಆರ್‌ಸಿಗೆ. ಅದೇ ಮಾಡೆಲ್, ಅದೇ ಬಣ್ಣದ ಗಾಡಿ ಕದ್ದು, ಈ ನಂಬರ್ ಅದಕ್ಕೆ ಕೊರೆಸುತ್ತಾರೆ. ನಂಬರಿನ ಸುತ್ತ ಗ್ರೈಂಡರ್ ಉಜ್ಜಿದ ಗುರುತು, ಹೊಸ ಪೇಂಟು ಕಂಡರೆ ಅಲ್ಲಿಂದ ಹೊರಡಿ. ಕದ್ದ ಗಾಡಿ ಹೌದೋ ಅಲ್ಲವೋ ಅಂತ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ (ಎನ್‌ಸಿಆರ್‌ಬಿ) ಜಾಲತಾಣದಲ್ಲೂ ನೋಡಬಹುದು.

ಇನ್ನೊಂದು: ಅಪಘಾತದಲ್ಲಿ ಬೇರೆ ಯಾರಿಗಾದರೂ ಪೆಟ್ಟಾಗಿತ್ತಾ ಅಂತ ಠಾಣೆಯಲ್ಲಿ ಕೇಳಿ. ಕೇಸಿನಲ್ಲಿ ಸಿಕ್ಕಿಕೊಂಡ ಗಾಡಿ ತಗೊಂಡರೆ ಕೋರ್ಟಿಗೆ ಅಲೆಯುವವರು ನೀವು. ಹಾಗೇ ವರ್ಗಾವಣೆ ತಡ ಮಾಡಬಾರದು ಅಂತ ಮಾರುವವನಿಗೂ ಹೇಳಿ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವನೇ ಹೊಣೆ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ.

ಕಡಲಕರೆ | ಜೂನ್ 6

ಇಷ್ಟೆಲ್ಲ ಓದಿದ ಮೇಲೂ ಇವರು ತಗೊಳ್ಳುತ್ತಾರೆ ನೋಡಿ. ನನಗೆ ಗೊತ್ತು. ತೋಟದವರ ಹಟ.

ಮಂಜು_ಮಳೆ | ಜೂನ್ 9

ಹಹ್ಹ. ಇನ್ನೂ ತಗೊಂಡಿಲ್ಲ. ನಿನ್ನೆ ಹೋಗಿ ಬಂದೆ, ತಮ್ಮನನ್ನೂ ಕರೆದುಕೊಂಡು.

ಕಾಗದ: ಬಿ ಎಕ್ಸ್‌ಟ್ರಾಕ್ಟ್ ಸಿಕ್ಕಿತು. ಆರ್‌ಸಿ ಚಾಲ್ತಿಯಲ್ಲಿದೆ, ಒಬ್ಬರೇ ಮಾಲೀಕರು. ಸಾಲ 2021ರಲ್ಲೇ ತೀರಿದೆ, ಆದರೆ ದಾಖಲೆಯಿಂದ ತೆಗೆಸಿಲ್ಲ. ಮಾಲೀಕರನ್ನೇ ಭೇಟಿ ಮಾಡಿದೆ, ಬೆಳ್ತಂಗಡಿ ಕಡೆಯ ಹಿರಿಯರು, ಅಡಿಕೆ ತೋಟ. ಸಾಲ್ವೇಜ್ ಮುರಿದುಕೊಂಡು ಉಳಿದ ದುಡ್ಡು ಕೊಟ್ಟ ಪತ್ರ ತೋರಿಸಿದರು. ಗಾಡಿಯಲ್ಲಿ ಅವರೊಬ್ಬರೇ ಇದ್ದದ್ದು, ಕೇಸ್ ಇಲ್ಲ. "ಮಂಜಿನಲ್ಲಿ ತಿರುವು ಕಾಣಲಿಲ್ಲ ಮಗಾ" ಅಂದರು. ಗುದ್ದಿದ ಕೂಡಲೇ ಗಾಡಿ ಆಫ್ ಮಾಡಿದ್ದಾರಂತೆ. ಆಯಿಲ್ ಕಪ್ಪಗಿದೆ, ನೊರೆ ಇಲ್ಲ.

ಚಾಸಿಸ್: ಟೇಪು, ಗಾರೆಯವರ ತೂಕದ ಗುಂಡು ಎರಡನ್ನೂ ಒಯ್ದಿದ್ದೆ. ಸಿಮೆಂಟ್ ನೆಲದ ಮೇಲೆ ಚಾಸಿಸ್ಸಿನ ನಾಲ್ಕು ಬೋಲ್ಟ್ ತೂತುಗಳ ನೇರಕ್ಕೆ ಗುಂಡು ಬಿಟ್ಟು ಸೀಮೆಸುಣ್ಣದಲ್ಲಿ ಗುರುತು ಹಾಕಿ ಕರ್ಣ ಅಳೆದೆವು. ಮುಂದಿನ ತುದಿಯಿಂದ ಅಳೆದರೆ ಎರಡು ಕರ್ಣಕ್ಕೆ 9 ಮಿಲಿಮೀಟರ್ ವ್ಯತ್ಯಾಸ. ಸಸ್ಪೆನ್ಷನ್ ಬ್ರಾಕೆಟ್ ಇರುವ ಜಾಗದಿಂದ ಹಿಂದಕ್ಕೆ ಅಳೆದರೆ 2 ಮಿಲಿಮೀಟರ್. ಬ್ರಾಕೆಟ್ ಹತ್ತಿರ ಸುಕ್ಕು ಕಾಣಲಿಲ್ಲ, ಪೇಂಟೂ ಚಕ್ಕೆ ಎದ್ದಿಲ್ಲ.

ಸ್ಪ್ಯಾನರ್_17 | ಜೂನ್ 9

ಭೇಷ್. ಗುಂಡು ಬಿಟ್ಟು ಅಳೆಯುವ ಗಿರಾಕಿಯನ್ನು ಈಗಲೇ ನೋಡಿದ್ದು. 2 ಮಿಲಿಮೀಟರ್ ನಿಮ್ಮ ಟೇಪಿನ ತಪ್ಪೂ ಇರಬಹುದು. 9 ಮುಂದಿನ ತುದಿಯದು, ಎಳೆಸಬಹುದು.

ಒಂದೇ ಎಚ್ಚರಿಕೆ. 2014ರ ನಂತರದ ಸ್ಕಾರ್ಪಿಯೋ ಚಾಸಿಸ್ ಹೈಡ್ರೋಫಾರ್ಮಿಂಗ್‌ನಲ್ಲಿ, ಅಂದರೆ ದ್ರವದ ಒತ್ತಡದಿಂದ ಉಕ್ಕಿಗೆ ಆಕಾರ ಕೊಟ್ಟು ಮಾಡಿದ್ದು. ಹಳೇ ಕಾಲದ ಟಿಂಕರ್‌ಗಳ ಹಾಗೆ ಗ್ಯಾಸ್ ಹಚ್ಚಿ ಕೆಂಪಗೆ ಕಾಯಿಸಿ ಸುತ್ತಿಗೆಯಲ್ಲಿ ಬಡಿಯಬಾರದು. ಕಾಯಿಸಿದರೆ ಉಕ್ಕು ಮೆತ್ತಗಾಗುತ್ತದೆ, ಮುಂದಿನ ಸಲ ಗುದ್ದಿದಾಗ ತಡೆಯಬೇಕಾದ ಕಡೆ ಬಾಗುತ್ತದೆ. ಚಾಸಿಸ್ ನೇರ ಮಾಡುವ ಬೆಂಚಿಗೆ ಕಟ್ಟಿ ತಣ್ಣಗೆ ಎಳೆಯುವವರ ಹತ್ತಿರವೇ ಕೊಡಿ. ಎಳೆಯುವಾಗ ಎತ್ತರವನ್ನೂ ಅಳೆಯಲು ಹೇಳಿ, ಟೇಪಿನಲ್ಲಿ ಅದು ಸಿಗುವುದಿಲ್ಲ.

ಹಳೇ_ಸರ್ವೇಯರ್ | ಜೂನ್ 9

ಏರ್‌ಬ್ಯಾಗಿನ ದುಡ್ಡನ್ನು ಈಗಲೇ ಬೇರೆ ಎತ್ತಿಡಿ. ಬರೀ ಎರಡು ಬ್ಯಾಗಲ್ಲ. ಅದರ ಕಂಟ್ರೋಲ್ ಮಾಡ್ಯೂಲ್, ಬಿಗಿ ಹಿಡಿಯುವ ಟೆನ್ಷನರ್ ಸಿಡಿದ ಸೀಟ್ ಬೆಲ್ಟು, ಸ್ಟೀರಿಂಗ್ ಒಳಗಿನ ಸುರುಳಿ ವೈರು, ಎಡಗಡೆ ಹರಿದ ಡ್ಯಾಶ್‌ಬೋರ್ಡ್ ಎಲ್ಲ ಸೇರುತ್ತದೆ. ಗುಜರಿಯಲ್ಲಿ ಹಳೇ ಏರ್‌ಬ್ಯಾಗ್ ಸಿಗುತ್ತದೆ ಅಂತ ಯಾರಾದರೂ ಆಸೆ ತೋರಿಸುತ್ತಾರೆ. ಅದು ಎಲ್ಲಿಂದ ಬಂತು, ನೀರಲ್ಲಿ ನೆನೆದಿತ್ತಾ ಅಂತ ಯಾರಿಗೂ ಗೊತ್ತಿರುವುದಿಲ್ಲ.

ಏರ್‌ಬ್ಯಾಗ್ ಹಾಕದೆಯೇ ಮೀಟರಿನ ಲೈಟನ್ನು ಬೇರೆ ಲೈಟಿನ ವೈರಿಗೆ ಸೇರಿಸಿ ಕೊಡುವ ಕಲಾವಿದರೂ ಇದ್ದಾರೆ. ಕೀ ತಿರುಗಿಸಿದಾಗ ಏರ್‌ಬ್ಯಾಗ್ ಲೈಟ್ ಹತ್ತಿ, ಕೆಲವು ಸೆಕೆಂಡಿನಲ್ಲಿ ತಾನೇ ಆರಬೇಕು. ಬ್ಯಾಟರಿ ಚಾರ್ಜಿಂಗ್ ಲೈಟಿನ ಜೊತೆ ಜೊತೆಗೇ ಆರಿದರೆ ಅಲ್ಲಿ ಕೈಚಳಕ ನಡೆದಿದೆ.

ದಾವಣಗೆರೆ_ಡೀಸೆಲ್ | ಜೂನ್ 9

ತೋಟದ ಗಾಡಿಗೆ ಏರ್‌ಬ್ಯಾಗ್ ಯಾಕೆ ಸಾರ್? ನಮ್ಮಪ್ಪ 30 ವರ್ಷ ಜೀಪ್ ಓಡಿಸಿದರು, ಬಾಗಿಲೇ ಇರಲಿಲ್ಲ.

ಹಳೇ_ಸರ್ವೇಯರ್ | ಜೂನ್ 9

ಈ ಗಾಡಿ ಓಡಿಸುತ್ತಿದ್ದ ಆ ಹಿರಿಯರು ಇವತ್ತು ಕೂತು ಮಾತಾಡುತ್ತಿದ್ದಾರೆ ಅಂದರೆ ಯಾಕೆ ಅಂತ ಯೋಚನೆ ಮಾಡಿ.

ಮಂಜು_ಮಳೆ | ಜೂನ್ 13

ತಗೊಂಡೆ. 2.55ಕ್ಕೆ. ಕಡಲಕರೆ ಅಣ್ಣ, ನೀವು ಗೆದ್ದಿರಿ.

9 ಮಿಲಿಮೀಟರ್ ಲೆಕ್ಕ ಬರೆದ ಚೀಟಿ ತೋರಿಸಿದಾಗ ಬ್ರೋಕರ್ ಮುಖ ಸಣ್ಣದಾಯಿತು. 35 ಸಾವಿರ ಇಳಿದದ್ದು ಆ ಚೀಟಿಗೇ. ಫಾರಂ 35 ಆಗುವವರೆಗೆ 50 ಸಾವಿರ ಹಿಡಿದಿಟ್ಟಿದ್ದೇನೆ.

ಮಂಜು_ಮಳೆ | ಅಕ್ಟೋಬರ್ 21

ನಾಲ್ಕು ತಿಂಗಳಾಯಿತು. ಕೆಲವರು ಏನಾಯಿತು ಅಂತ ಕೇಳಿದ್ದರು, ಬರೆಯಲು ಆಗಲಿಲ್ಲ. ಮಳೆ, ಆಮೇಲೆ ಕೊಳೆ ರೋಗ, ತೋಟದಲ್ಲೇ ಮುಳುಗಿದ್ದೆ.

ಖರ್ಚಿನ ಲೆಕ್ಕ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಗಾಡಿ ಎತ್ತಿ ಸಾಗಿಸಿದ್ದಕ್ಕೆ ಏಳೂವರೆ ಸಾವಿರ. ಮಂಗಳೂರಿನ ಬೈಕಂಪಾಡಿ ಕಡೆ ಬೆಂಚಿನಲ್ಲಿ ಚಾಸಿಸ್ ಎಳೆಸಿದ್ದು 28 ಸಾವಿರ. ಅಲ್ಲಿಯವರು ಕಂಪ್ಯೂಟರಿನಲ್ಲಿ ಅಳೆದು ಮುಂಚೆ, ನಂತರ ಎರಡನ್ನೂ ಪ್ರಿಂಟ್ ತೆಗೆದು ಕೊಟ್ಟರು. ನಮ್ಮ 9 ಮಿಲಿಮೀಟರ್ ಅವರ ಲೆಕ್ಕದಲ್ಲಿ 11 ಆಗಿತ್ತು, ಎತ್ತರದಲ್ಲಿ ಇನ್ನೊಂದು 6. ಸ್ಪ್ಯಾನರ್ ಅಣ್ಣ ಹೇಳಿದ್ದು ಸರಿ, ಟೇಪಿಗೆ ಅದು ಸಿಕ್ಕಿರಲಿಲ್ಲ.

ಬಾನೆಟ್, ಫೆಂಡರ್, ಹೆಡ್‌ಲೈಟ್, ರೇಡಿಯೇಟರ್ ಕೂರುವ ಫ್ರೇಮು ಇಷ್ಟನ್ನೂ ಬೆಂಗಳೂರು ಶಿವಾಜಿನಗರದ ಗುಜರಿಯಲ್ಲಿ ಹುಡುಕಿದೆ. 41 ಸಾವಿರ. ಎರಡು ದಿನ ಅಲೆದೆ. ಬಿಳಿ ಗಾಡಿಗೆ ಕಪ್ಪು ಬಾನೆಟ್ ಸಿಕ್ಕಿತು. ಒಂದು ಹೆಡ್‌ಲೈಟ್ ಬೇರೆ ಮಾಡೆಲಿನದು ಕೊಟ್ಟುಬಿಟ್ಟಿದ್ದ, ಮತ್ತೆ ಬಸ್ ಹತ್ತಿ ಹೋಗಿ ಬದಲಿಸಿಕೊಂಡು ಬಂದೆ. ರೇಡಿಯೇಟರ್, ಎಸಿ ಕಂಡೆನ್ಸರ್ ಹೊಸದೇ ಹಾಕಿಸಿದೆ, 26 ಸಾವಿರ. ಎಡ ಚಕ್ರದ ಲೋವರ್ ಆರ್ಮ್, ಶಾಕ್ ಅಬ್ಸಾರ್ಬರ್, ಸ್ಟೀರಿಂಗ್ ನಕಲ್ (ಚಕ್ರ ಕೂರುವ ಭಾಗ) ಸೇರಿ 22 ಸಾವಿರ. ಟಿಂಕರಿಂಗ್, ಪೇಂಟಿಂಗ್ 48 ಸಾವಿರ. ಎಸಿ ಗ್ಯಾಸು, ಪೈಪು ಆರೂವರೆ ಸಾವಿರ. ಎರಡು ಟಯರು ಹದಿನೈದೂವರೆ. ಹೆಸರು ವರ್ಗಾವಣೆ, ವಿಮೆ 24 ಸಾವಿರ. ವಿಮೆಗೆ ಗಾಡಿಯನ್ನು ಬಂದು ನೋಡಿ, ಫೋಟೋ ತೆಗೆದ ಮೇಲೆಯೇ ಫುಲ್ ಪಾಲಿಸಿ ಕೊಟ್ಟರು.

ಇಷ್ಟಕ್ಕೆ 2.18 ಲಕ್ಷ ಚಿಲ್ಲರೆ. ಏರ್‌ಬ್ಯಾಗ್ ಸೆಟ್ ಹೊಸದು, ಡ್ಯಾಶ್‌ಬೋರ್ಡ್ ಸೇರಿ 94 ಸಾವಿರ. ಅದನ್ನು ಮುಂದಿನ ವರ್ಷ ನೋಡೋಣ ಅಂದುಕೊಂಡಿದ್ದೆ. ಹೆಂಡತಿ ಈ ಚರ್ಚೆ ಪೂರ್ತಿ ಓದಿ, ಹಳೇ ಸರ್ವೇಯರ್ ಅವರ ಒಂದು ಸಾಲನ್ನು ನನಗೇ ವಾಪಸ್ ಕಳಿಸಿದಳು. ಹೋದ ವಾರ ಹಾಕಿಸಿದೆ. ಕೊಂಡದ್ದೂ ಸೇರಿ ಒಟ್ಟು 5.67 ಲಕ್ಷ. ಮಿಕ್ಕಿದ್ದಕ್ಕೆ ಸೊಸೈಟಿ ಸಾಲ.

ಕಡಲಕರೆ | ಅಕ್ಟೋಬರ್ 21

ಅಂದರೆ ಆರೂವರೆ ಗಾಡಿಗೆ 80 ಸಾವಿರ ಉಳಿಸಲು ನಾಲ್ಕು ತಿಂಗಳು. ಮಾರುವಾಗ "ಮೂತಿ ಗುದ್ದಿತ್ತು" ಅಂದರೆ ಆ 80 ಸಾವಿರವೂ ಹೋಗುತ್ತದೆ ಮಾರಾಯ್ರೆ. ನಾನು ಮೊದಲ ದಿನವೇ ಎರಡು ಪದದಲ್ಲಿ ಹೇಳಿದ್ದೆ.

ಮಂಜು_ಮಳೆ | ಅಕ್ಟೋಬರ್ 21

ಮಾರುವ ಯೋಚನೆ ಇಲ್ಲ ಅಣ್ಣ. ಆರೂವರೆ ಕೊಟ್ಟು ತಂದಿದ್ದರೂ ಆ ಗಾಡಿ ಎಲ್ಲಿ ಗುದ್ದಿತ್ತೋ ನನಗೆ ಗೊತ್ತಿರುತ್ತಿರಲಿಲ್ಲ. ಇದರ ಒಂದೊಂದು ಬೋಲ್ಟ್ ಗೊತ್ತು. ಆಗಸ್ಟ್‌ನಲ್ಲಿ ಪೇಂಟ್ ಆಗುವ ಮೊದಲೇ, ಕಪ್ಪು ಬಾನೆಟ್ಟಿನಲ್ಲೇ ಫೋರ್ ಲೋ (ವೇಗ ಕಮ್ಮಿ, ಎಳೆತ ಜಾಸ್ತಿ ಇರುವ ಗೇರು) ಹಾಕಿ ಮೇಲಿನ ತೋಟದಿಂದ ಪಂಪ್‌ಸೆಟ್ ಇಳಿಸಿದೆ. ಜೀಪಿನಲ್ಲಿ ಆ ಕೆಸರು ಹತ್ತುತ್ತಿರಲಿಲ್ಲ.

ಈಗ ಒಂದೇ ತೊಂದರೆ ಉಳಿದಿದೆ. 70 ದಾಟಿದರೆ ಎಡ ಮುಂಬಾಗಿಲಿನಿಂದ ಗಾಳಿ ಶಿಳ್ಳೆ ಹೊಡೆಯುತ್ತದೆ. ರಬ್ಬರ್ ಬೀಡಿಂಗ್ ಹೊಸದು ಹಾಕಿದರೂ ಹೋಗಿಲ್ಲ. ಬಾಗಿಲು ಕೂರುವ ಕಂಬವೇ ಬಾಗಿದೆಯಾ ಅಂತ ಭಯ.

ಸ್ಪ್ಯಾನರ್_17 | ಅಕ್ಟೋಬರ್ 22

ಅಷ್ಟು ಬೇಗ ಕಂಬಕ್ಕೆ ಹೋಗಬೇಡಿ. ಒಂದು ಹತ್ತು ರೂಪಾಯಿ ನೋಟು ಬಾಗಿಲಿಗೂ ಬೀಡಿಂಗಿಗೂ ಮಧ್ಯೆ ಇಟ್ಟು ಬಾಗಿಲು ಹಾಕಿ, ನಿಧಾನಕ್ಕೆ ಎಳೆಯಿರಿ. ಬಾಗಿಲ ಸುತ್ತ ಹೀಗೇ ನೋಡಿಕೊಂಡು ಬನ್ನಿ. ಸಡಿಲ ಎಲ್ಲಿದೆಯೋ ಶಿಳ್ಳೆ ಅಲ್ಲಿದೆ.

ಮಂಜು_ಮಳೆ | ಅಕ್ಟೋಬರ್ 22

ನೋಡಿದೆ. ಕೆಳಗೆ, ಹಿಂದೆ ಎಲ್ಲ ಬಿಗಿ. ಮೇಲಿನ ಮುಂದಿನ ಮೂಲೆಯಲ್ಲಿ, ಕನ್ನಡಿಯಿಂದ ಸ್ವಲ್ಪ ಮೇಲೆ, ನೋಟು ಸರಾಗವಾಗಿ ಬಂತು.

ಸ್ಪ್ಯಾನರ್_17 | ಅಕ್ಟೋಬರ್ 22

ಹಾಗಾದರೆ ಹಿಂಜು, ಅಂದರೆ ಬಾಗಿಲ ಕೀಲು. ಪೇಂಟ್ ಮಾಡಲು ಬಾಗಿಲು ಬಿಚ್ಚಿ, ವಾಪಸ್ ಹಾಕುವಾಗ ಸರಿಯಾಗಿ ಕೂರಿಸಿಲ್ಲ. ಮೇಲಿನ ಹಿಂಜಿನ ಎರಡು ಬೋಲ್ಟ್ ಸಡಿಲ ಮಾಡಿ, ಒಬ್ಬರು ಬಾಗಿಲನ್ನು ಒಳಗೆ ಒತ್ತಿ ಹಿಡಿಯಲಿ, ಇನ್ನೊಬ್ಬರು ಬಿಗಿ ಮಾಡಲಿ. ತಮ್ಮನನ್ನು ಕರೆಯಿರಿ.